ಜೇಬಿನಿಂದ ಹೊರಬರದ ಕೈ

ಎಲೆ-ಅಡಿಕೆಯ ತಟ್ಟೆಗೆ ಗಂಡು ಒಂದೇ ಕೈ ಚಾಚಿದಾಗ ಸಿದ್ದಯ್ಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. ಸಂಬಂಧ ಒಪ್ಪಿಗೆ ಎಂದು ಕೊಡುವ ತಟ್ಟೆ ಅದು. ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಈ ಹುಲಿಯಪ್ಪ ಭದ್ರಾವತಿಯಿಂದ ರೈಲಿನಲ್ಲಿ ಬಂದಿಳಿದಾಗಿನಿಂದ ಎಡಗೈಯನ್ನು ಕೋಟಿನ ಜೇಬಿನಿಂದ ತೆಗೆದಿರಲಿಲ್ಲ. ಉಪ್ಪಿಟ್ಟು ತಿನ್ನುವುದಕ್ಕೆ ಒಂದು ಕೈ ಸಾಕು, ಸರಿ. ಕಾಲು ತೊಳೆಯುವಾಗಲೂ ಒಂದೇ ಕೈಯೆ?

ಭದ್ರಾವತಿಗೆ ಕಬ್ಬಿಣದ ಕಾರ್ಖಾನೆ ಬಂದು ಹದಿನೈದು ವರ್ಷವಾಗಿದ್ದರೂ ಸಿದ್ದಯ್ಯನಿಗೆ ಅದರ ಮೇಲೆ ನಂಬಿಕೆ ಹುಟ್ಟಿರಲಿಲ್ಲ. ಅಲ್ಲೇ ಕೆಲಸ ಮಾಡುವ ಇವನ ಬೆರಳು ಯಂತ್ರಕ್ಕೆ ಸಿಕ್ಕಿ ಹೋಗಿದೆ, ಮುಚ್ಚಿಡುತ್ತಿದ್ದಾನೆ. ಇರುವ ಒಬ್ಬ ಮಗಳು ಪುಟ್ಟಲಕ್ಷ್ಮಿಯನ್ನು ಕಣ್ಣಾರೆ ಕಂಡು ಬಾವಿಗೆ ತಳ್ಳುವುದೆ?

"ಆ ಕೈ ಹೊರಗೆ ತೆಗೀರಿ, ನೋಡಾಣ."

"ಈಗ ಆಗಲ್ಲ ಯಜಮಾನ್ರೆ."

"ಬೆರಳು ಎಷ್ಟಿವೆ?"

"ಐದೂ ಇವೆ."

"ಇದ್ರೆ ತೋರಿಸೋಕೇನು ದಾಡಿ?"

ಹುಲಿಯಪ್ಪ ಪಕ್ಕದಲ್ಲಿದ್ದ ಭಾವನ ಮುಖ ನೋಡಿದ. 'ಆ ವಿಷಯ ಎತ್ತಬೇಡ ಮಾರಾಯ, ಹುಚ್ಚ ಅಂದುಕೊಂಡಾರು' ಎಂದು ರೈಲಿನಲ್ಲಿ ಬುದ್ಧಿ ಹೇಳಿದ್ದ ಭಾವ ಈಗ ತಲೆ ತಗ್ಗಿಸಿ ಕೂತಿದ್ದ. ಸಿದ್ದಯ್ಯನಿಗೆ ಅಷ್ಟೇ ಸಾಕಾಯಿತು. "ಜಲಜಾ, ಈ ತಟ್ಟೆ ಒಳಗೆ ತಗೊಂಡ್ಹೋಗು" ಎಂದು ಹೆಂಡತಿಯನ್ನು ಕೂಗಿದ.

ಹುಲಿಯಪ್ಪ ನಿಧಾನವಾಗಿ ಕೈ ಹೊರತೆಗೆದ. ಮುಷ್ಟಿಯೊಳಗಿಂದ ಗೌಜಲಿನ ಜಾತಿಯ ಪುಟ್ಟ ಬುರ್ಲಿ ಹಕ್ಕಿಯೊಂದು ತಲೆ ಹೊರಹಾಕಿ ಪಿಳಿಪಿಳಿ ನೋಡಿತು.

"ಹಿತ್ತಲಲ್ಲಿ ಸಾಕೋಕೆ. ಸೊಪ್ಪಿನ ಮಡಿಗೆ ಬರೋ ಗೆದ್ದಲು, ಹುಳ ಎಲ್ಲಾ ಹೆಕ್ಕಿ ತಿಂತವೆ. ಮೊದಲಿನವು ಪಳಗಿವೆ. ಇದು ಹೊಸದು. ನಲವತ್ತು ದಿನ ಹಗಲೆಲ್ಲಾ ಕೈಯಲ್ಲೇ ಇಟ್ಕೊಂಡು ತಿರುಗಿದ್ರೆ ಮನುಷ್ಯರ ಭಯ ಬಿಡುತ್ತೆ. ನಾನು ಕೆಲಸಕ್ಕೆ ಹೋದಾಗ ಅಕ್ಕ ಹಿಡ್ಕೋತಾಳೆ. ಇವತ್ತು ಅವಳಿಗೆ ಜ್ವರ. ಇಪ್ಪತ್ತೊಂಬತ್ತನೇ ದಿನ, ಬಿಡೋ ಹಾಗಿಲ್ಲ."

ಸಿದ್ದಯ್ಯ ಬಗ್ಗಿ ನೋಡಿದ. "ಕತೆ ಚೆನ್ನಾಗಿದೆ. ಹಕ್ಕಿ ಅಡ್ಡ ಇಟ್ಕೊಂಡ್ರೆ ಬೆರಳು ಹೆಂಗೆ ಕಾಣ್ತವೆ? ಬಿಚ್ಚಿ."

ಹುಲಿಯಪ್ಪ ಮುಷ್ಟಿ ಬಿಚ್ಚಿದ. ಹಕ್ಕಿ ಬರ್ರನೆ ಎದ್ದು ಗೋಡೆಗೆ ಬಡಿದು ಕೆಳಗೆ ಬಿತ್ತು. ಮರುಕ್ಷಣ ಅಡುಗೆಮನೆಯೊಳಕ್ಕೆ ಓಡಿತು. ಒಳಗೆ ಯಾವುದೋ ಪಾತ್ರೆ ಉರುಳಿತು. ಸಿದ್ದಯ್ಯ ಮಾತ್ರ ಅತ್ತ ನೋಡಲೇ ಇಲ್ಲ. ಬೆರಳುಗಳನ್ನು ಎರಡು ಸಲ ಎಣಿಸಿದ, ನಿಟ್ಟುಸಿರು ಬಿಟ್ಟು ತಟ್ಟೆಯನ್ನು ಮತ್ತೆ ಮುಂದೆ ಹಿಡಿದ.

ಹುಲಿಯಪ್ಪ ಬರಿದಾದ ಅಂಗೈ ನೋಡುತ್ತ ನಿಂತಿದ್ದ. ಅವನಿಗೆ ಅಳು ಬರುವಷ್ಟು ಬೇಸರವಾಗಿತ್ತು. ಈ ಸಲ ಒಂದು ಕೈಯನ್ನೂ ಚಾಚಲಿಲ್ಲ.

"ಎಣಿಸಿ ಆಯ್ತಲ್ಲ ಯಜಮಾನ್ರೆ. ನಾವಿನ್ನು ಬರ್ತೀವಿ."

ಅವನು ಹೊಸಿಲು ದಾಟುವಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಪುಟ್ಟಲಕ್ಷ್ಮಿ ಬಂದು ನಿಂತಳು. ಮೈತುಂಬ ರಾಗಿ ಹಿಟ್ಟು. ಒಂದು ಕೈಯನ್ನು ಸೆರಗಿನಡಿ ಬಿಗಿಯಾಗಿ ಮುಚ್ಚಿಕೊಂಡಿದ್ದಳು.

"ಏನದು ಕೈಯಲ್ಲಿ? ಬಿಚ್ಚು" ಎಂದ ಸಿದ್ದಯ್ಯ.

"ಬಿಚ್ಚಲ್ಲ ಅಪ್ಪಯ್ಯ," ಎಂದಳು ಪುಟ್ಟಲಕ್ಷ್ಮಿ, "ಇನ್ನೂ ಹನ್ನೊಂದು ದಿನ ಇದೆ."