ಇಪ್ಪತ್ತೆಂಟು ಡಿಗ್ರಿ

ಲಸಿಕೆ ಇಡುವ ಫ್ರಿಜ್ಜಿನ ಮೀಟರಿನ ಪುಟ್ಟ ಪರದೆ ಇಪ್ಪತ್ತೆಂಟು ಎಂದು ತೋರಿಸುತ್ತಿತ್ತು. ಒಂದು ವಾರದ ರಜೆ ಮುಗಿಸಿ ಬಂದ ಹಿರಿಯ ನರ್ಸ್ ಕೈಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟಳು. ಎರಡು ದಾಟಿ, ಎಂಟರೊಳಗೆ ಇರಬೇಕಾದ ಅಂಕಿ. ಪಕ್ಕದಲ್ಲಿ ತೂಗುಹಾಕಿದ್ದ ಪುಸ್ತಕ ತೆರೆದಳು. ಕಿರಿಯ ನರ್ಸಿನ ದುಂಡು ಅಕ್ಷರದಲ್ಲಿ, ದಿನಕ್ಕೆ ಎರಡು ಸಲ, ಒಂದು ಹೊತ್ತೂ ತಪ್ಪದೆ ಬರೆದಿತ್ತು: ಮಂಗಳವಾರ ಬೆಳಿಗ್ಗೆ ನಲವತ್ತೆರಡು, ಸಂಜೆ ಮೂವತ್ತೈದು, ಬುಧವಾರದಿಂದ ಈ ಸೋಮವಾರದವರೆಗೆ ಇಪ್ಪತ್ತೆಂಟು.

"ಏನೇ ಇದು?" ಎಂದು ಪಕ್ಕದಲ್ಲಿದ್ದ ಕಿರಿಯಳನ್ನು ಕೇಳಿದಳು.

"ನೀವು ಹೋದ ಮಾರನೇ ದಿನವೇ ಅಕ್ಕ, ನಲವತ್ತೆರಡು ತೋರಿಸ್ತು. ಗುಂಡಿಯನ್ನ ತಂಪಿನ ಕಡೆಗೆ ಕೊನೇವರೆಗೂ ತಿರುಗಿಸಿದೆ. ಇಳೀತಾ ಬಂತು. ಆಮೇಲೆ ಇಪ್ಪತ್ತೆಂಟಕ್ಕೆ ಬಂದು ಕೂತ್ಬಿಡ್ತು ನೋಡಿ, ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ."

"ಕೈಯಿಟ್ಟು ನೋಡ್ಲಿಲ್ವಾ?"

"ನೋಡ್ದೆ. ಬೆರಳು ಮರಗಟ್ತು. ಆದ್ರೆ ಮೀಟರ್ ಹೇಳೋದನ್ನ ನಂಬು, ನಿನ್ನ ಕೈ ಹೇಳೋದನ್ನ ನಂಬಬೇಡ ಅಂತ ನೀವೇ ತಾನೇ ಕಲಿಸಿದ್ದು?"

ಹಿರಿಯಳು ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಅಂಕಿಯ ಪಕ್ಕ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ. ಸೆಲ್ಸಿಯಸ್ಸಿನ ಸಿ ಅಲ್ಲ, ಫ್ಯಾರನ್‌ಹೀಟಿನ ಎಫ್. ಅವಳ ತುಟಿಗಳು ತಾವಾಗಿಯೇ ಲೆಕ್ಕ ಹಾಕತೊಡಗಿದವು. ಮೂವತ್ತೆರಡು ಕಳೆ, ಐದರಿಂದ ಗುಣಿಸು, ಒಂಬತ್ತರಿಂದ ಭಾಗಿಸು. ಹುಡುಗಿ ಕಂಡು ಹೆದರಿದ ಆ ನಲವತ್ತೆರಡು ಬರೀ ಐದೂವರೆ ಡಿಗ್ರಿ. ಅದಕ್ಕಿಂತ ಸರಿಯಾದ ತಂಪು ಇನ್ನೊಂದಿಲ್ಲ. ಈ ಇಪ್ಪತ್ತೆಂಟು ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ. ಒಮ್ಮೆ ಹೆಪ್ಪುಗಟ್ಟಿದರೆ ನಾಯಿಕೆಮ್ಮಿನ ಲಸಿಕೆಯ ಶಕ್ತಿ ಹೋದಂತೆಯೇ. ಕರಗಿದ ಮೇಲೆ ನೋಡುವುದಕ್ಕೆ ಮಾತ್ರ ಮೊದಲಿನ ಹಾಗೇ ಇರುತ್ತದೆ.

"ಗುರುವಾರ ಲಸಿಕೆ ದಿನ ಎಷ್ಟು ಮಕ್ಕಳಿಗೆ ಚುಚ್ಚಿದೆ?"

"ಹತ್ತೊಂಬತ್ತು. ಬೆಳಿಗ್ಗೆಯೇ ಹೊರಗೆ ತೆಗೆದಿಟ್ಟಿದ್ದೆ, ಮುಟ್ಟಿದ್ರೆ ಸೀಸೆ ತಣ್ಣಗೇ ಇತ್ತಕ್ಕ. ಸಾಲು ಬಾಗಿಲು ದಾಟಿತ್ತು. ಒಂದ್ಸಲ ವಾಪಸ್ ಕಳಿಸಿದ್ರೆ ಮತ್ತೆ ಬರಲ್ಲ ಅಂತ..."

ಹುಡುಗಿ ಗುಂಡಿ ತಿರುಗಿಸುವಾಗ ಮೀಟರನ್ನು ನಂಬಿದ್ದಳು, ಚುಚ್ಚುವಾಗ ಕೈಯನ್ನು. ಬೈಯಲು ಬಾಯಿ ತೆರೆದ ಹಿರಿಯಳು ಕೈಚೀಲ ಕೆಳಗಿಟ್ಟಳು. ಬೆಳಿಗ್ಗೆಯಷ್ಟೇ ಬಂದಿದ್ದ ಡಬ್ಬಿಯಿಂದ ಒಂದು ಹೊಸ ಸೀಸೆ, ಗುರುವಾರ ಬಳಸದೆ ಉಳಿದು ಹೊರಗೇ ಇದ್ದ ಒಂದು ಹಳೆಯ ಸೀಸೆ ತೆಗೆದು, ಎರಡನ್ನೂ ಚೆನ್ನಾಗಿ ಕುಲುಕಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಎರಡೂ ತೆಳು ಹಾಲಿನಂತೆ ಬೆಳ್ಳಗಿದ್ದವು. ಹೆಪ್ಪುಗಟ್ಟಿ ಕರಗಿದ್ದರೆ ಅದರ ಗಸಿ ಬೇಗ ತಳ ಹಿಡಿಯುತ್ತದೆ. ಇಬ್ಬರೂ ಕುರ್ಚಿ ಎಳೆದುಕೊಂಡು ಕುಳಿತರು. ಹಿರಿಯಳು ಪರದೆಯ ಎಫ್ ತೋರಿಸಿ ಎಲ್ಲ ವಿವರಿಸಿದಳು.

"ಅದು ಹಾಗೆ ಬದಲಾಗಿದ್ದು ಹೇಗಕ್ಕ? ನಾನು ಮುಟ್ಟೇ ಇಲ್ಲ, ನಿಮ್ಮಾಣೆ."

ರಜೆಗೆ ಹೊರಟ ದಿನ ಹಿರಿಯಳಿಗೆ ಬಸ್ಸು ತಪ್ಪುತ್ತದೆಂಬ ಗಡಿಬಿಡಿ, ಒಂದು ಕೈಯಲ್ಲಿ ಅಮ್ಮನ ಕಣ್ಣಿನ ಆಪರೇಶನ್ನಿನ ಚೀಟಿ, ಇನ್ನೊಂದು ಕೈಯಲ್ಲಿ ಮೀಟರಿನ ಹೊಸ ಬ್ಯಾಟರಿ. ಮುಚ್ಚಳ ಒತ್ತಿ, ಪರದೆ ಬೆಳಗಿದ್ದನ್ನಷ್ಟೇ ನೋಡಿ ಓಡಿದ್ದು. ಮನೆಯ ಬೀಗವನ್ನು ಮೂರು ಸಲ ಎಳೆದು ನೋಡದೆ ಹೊರಡದ ಹೆಂಗಸು ಅವಳು. ಆವತ್ತು ಒಂದೇ ಒಂದು ಅಕ್ಷರವನ್ನು ನೋಡಿರಲಿಲ್ಲ.

"ಬ್ಯಾಟರಿ ತೆಗೆದು ಹಾಕಿದ್ರೆ ಎಫ್‌ಗೆ ಹೋಗ್ಬಿಡುತ್ತೆ," ಎಂದಳು. "ಹಾಕಿದ್ದು ನಾನೇ."

ಹುಡುಗಿ ಕುರ್ಚಿಯನ್ನು ಹತ್ತಿರ ಸರಿಸಿ, ದನಿ ತಗ್ಗಿಸಿದಳು.

"ಹಾಗಾದ್ರೆ ಬಿಡಿ ಅಕ್ಕ. ಯಾರಿಗೂ ಹೇಳೋದು ಬೇಡ. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ನಿಮಗೆ ರಿಟೈರಾಗೋಕೆ ಇನ್ನು ಎರಡೇ ವರ್ಷ ಇರೋದು. ಮಕ್ಕಳಿಗೆ ಇದರಿಂದ ಏನಾದ್ರೂ ಆಗಿಬಿಡುತ್ತಾ?"

"ಇವತ್ತು ಏನೂ ಆಗಲ್ಲ. ನಾಯಿಕೆಮ್ಮು ಬಂದ ದಿನ ಆಗುತ್ತೆ. ಚುಚ್ಚಿಸಿದೀವಲ್ಲ ಅಂತ ತಾಯಿ ಧೈರ್ಯವಾಗಿ ಕೂತಿರ್ತಾಳೆ."

ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಹೊಸ ಸೀಸೆ ಇನ್ನೂ ಬೆಳ್ಳಗಿತ್ತು. ಹಳೆಯದರಲ್ಲಿ ಮೇಲೆಲ್ಲ ತಿಳಿನೀರು, ತಳದಲ್ಲಿ ಸುಣ್ಣದಂಥ ದಪ್ಪನೆಯ ಗೆರೆ. ಹುಡುಗಿ ಅದನ್ನು ಎತ್ತಿ ಮತ್ತೆ ಕುಲುಕಿದಳು. ಇಟ್ಟಳು. ಮತ್ತೆ ಕುಲುಕಲು ಹೋದಾಗ ಹಿರಿಯಳು ಅವಳ ಮಣಿಕಟ್ಟು ಹಿಡಿದುಕೊಂಡಳು.

ಅಷ್ಟರಲ್ಲಿ ಬಾಗಿಲ ಪರದೆ ಸರಿಸಿಕೊಂಡು ಒಬ್ಬ ತಾಯಿ ಒಳಗೆ ಬಂದಳು. ಮಕ್ಕಳ ತೂಕ ನೋಡುವ ದಿನ. ಹೊರಗೆ ಬೆಂಚು ತುಂಬಿತ್ತು. ಸೊಂಟದ ಮೇಲಿನ ಮಗು ಮುಷ್ಟಿ ಚೀಪುತ್ತಿತ್ತು.

"ಬಂದ್ರಾ ದೊಡ್ಡ ಸಿಸ್ಟರ್? ಬೇಜಾರು ಮಾಡ್ಕೋಬೇಡಿ, ಇನ್ಮೇಲೆ ನಾವು ಚಿಕ್ಕ ಸಿಸ್ಟರ್ ಹತ್ರಾನೇ ಚುಚ್ಚಿಸೋದು. ಹೋದ ಸಲ ನಿಮ್ಮ ಕೈಲಿ ಆದಾಗ ಎರಡು ದಿನ ಕೆಂಡದಂಥ ಜ್ವರ, ಮನೆಮಂದಿಗೆಲ್ಲ ನಿದ್ದೆಗೇಡು. ಈ ಸಲ ಮೈ ಒಂಚೂರು ಬೆಚ್ಚಗೂ ಆಗಿಲ್ಲ! ನಮ್ಮ ಮಗೂಗೆ ಅಷ್ಟೇ ಅಲ್ಲ, ಹೊರಗೆ ಕೂತಿರೋರನ್ನೂ ಕೇಳಿ. ಏನು ಕೈಗುಣ ಅಂತೀರಿ!"

ಕಿರಿಯಳು ಗೋಡೆಯ ಕಡೆಗೆ ತಿರುಗಿ ನಿಂತಳು. ಹಿರಿಯ ನರ್ಸ್ ಗುರುವಾರದ ಹೆಸರುಗಳಿದ್ದ ಪುಸ್ತಕವನ್ನು ಎದೆಗೆ ಅವಚಿಕೊಂಡು ಬಾಗಿಲ ಪರದೆಯ ಆಚೆ ಹೋದಳು.

"ಎಲ್ಲರಿಗೂ ಒಂದು ವಿಷಯ ಹೇಳ್ಬೇಕು," ಎಂದಳು.

ಬೆಂಚಿನ ಮೇಲಿದ್ದ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು, ನಗುನಗುತ್ತ ತಲೆಯೆತ್ತಿದರು.