ಹಾಸಿಗೆಯ ಪಕ್ಕದ ಲ್ಯಾಪ್‌ಟಾಪ್

ದಾದಿ ಹೊದಿಕೆ ಸರಿಸಿದಳು. ಲೈಬ್ರರಿಯ ಕೌಂಟರಿನ ಹಿಂದೆ ಕೂತಿದ್ದ ಲೈಬ್ರೇರಿಯನ್ ಅದನ್ನು ನೋಡುತ್ತ ಕಂಪ್ಯೂಟರಿನ ತೆರೆಯ ಹತ್ತಿರಕ್ಕೆ ಬಾಗಿದಳು. ಇವತ್ತಾದರೂ ಈ ದಾದಿ ಸಿಕ್ಕಿಬೀಳಲೇಬೇಕು.

ಊರಿನ ಆಚೆ ತುದಿಯ ತವರುಮನೆಯಲ್ಲಿ ಲೈಬ್ರೇರಿಯನ್‌ಳ ಅಪ್ಪ ಪಾರ್ಶ್ವವಾಯು ಬಡಿದು, ಮಾತು ಬಿದ್ದುಹೋಗಿ ಮಲಗಿದ್ದರು. ಎರಡು ತಿಂಗಳಿಂದ ಅವರ ಒಳತೋಳಿನಲ್ಲಿ ನೀಲಿ ಗುರುತುಗಳು ಏಳುತ್ತಿದ್ದವು. ಒಂದು ಮಾಸುವಷ್ಟರಲ್ಲಿ ಇನ್ನೊಂದು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಆ ದಾದಿಯದಲ್ಲದೆ ಇನ್ನಾರ ಕೆಲಸ?

"ರಕ್ತ ತೆಳುವಾಗೋ ಮಾತ್ರೆ ಕೊಡ್ತಾರಲ್ಲ ಪುಟ್ಟಿ, ಅದಕ್ಕೇ" ಎಂದಿದ್ದಳು ಅಮ್ಮ. "ಆ ಹುಡುಗಿ ತಂಟೆಗೆ ಹೋಗಬೇಡ. ಅವಳೂ ಇಲ್ಲದಿದ್ರೆ ಇಡೀ ದಿನ ನಾನೊಬ್ಬಳೇ ಇವರ ಜೊತೆ ಇರಬೇಕು. ಆಮೇಲೆ ಏನಾಗುತ್ತೋ ನಂಗೇ ಗೊತ್ತಿಲ್ಲ."

ಅಮ್ಮ ಹಾಗೆಯೇ, ಇರುವೆಯನ್ನೂ ನೋಯಿಸದ ಜೀವ. ಆ ಮನೆಯಲ್ಲಿ ಒಂದು ದಿನವೂ ಯಾರೂ ಏರುದನಿ ಕೇಳಿದ್ದಿಲ್ಲ. ಸಂಸಾರವೆಂದರೆ ಹೀಗಿರಬೇಕು ಎಂದು ನೆರೆಹೊರೆಯವರು ತಮ್ಮ ಮಕ್ಕಳಿಗೆ ತೋರಿಸುತ್ತಿದ್ದರು.

ಕೋಣೆಯಲ್ಲಿ ಕ್ಯಾಮೆರಾ ಇಡೋಣವೆಂದರೆ ಅಮ್ಮ ಸುತರಾಂ ಒಪ್ಪಲಿಲ್ಲ. ಲೈಬ್ರೇರಿಯನ್ ಕಳ್ಳದಾರಿ ಹಿಡಿದಳು. ಅಂತರ್ಜಾಲದ ಮೂಲೆಮೂಲೆ ಅಲೆದು, ಅವರಿವರು ಬರೆದ ತುಂಡುಗಳನ್ನು ಹೊಲಿದು, ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರಿನೊಳಗೆ ನುಸುಳಿ, ಅದರ ಕ್ಯಾಮೆರಾದಿಂದ ನೋಡುವ, ಮೈಕಿನಿಂದ ಕೇಳುವ ಪ್ರೋಗ್ರಾಂ ಕಟ್ಟಿದಳು. ಓದುಗರಿಗೆಂದು ಇಟ್ಟಿದ್ದ ನಾಲ್ಕು ಕಂಪ್ಯೂಟರುಗಳ ಮೇಲೆ ಮೊದಲ ಪ್ರಯೋಗ. ಎಂಟು ಸಲ ಕೈಕೊಟ್ಟಿತು, ಒಂಬತ್ತನೆಯ ಸಲ ನಡೆಯಿತು. ಅದಕ್ಕೆ 'ಹಳೆಯ ಫೋಟೊಗಳು' ಎಂದು ಹೆಸರಿಟ್ಟು ಅಮ್ಮನಿಗೆ ಕಳಿಸಿದಳು. ಅಪ್ಪನಿಗೆ ಸುದ್ದಿ ತೋರಿಸಲು ಹಾಸಿಗೆಯ ಪಕ್ಕ ಇಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಅಮ್ಮ ಅದನ್ನು ತೆರೆದಳು.

"ಫೋಟೊ ಒಂದೂ ಬರಲಿಲ್ಲ ಪುಟ್ಟಿ."

"ಪರವಾಗಿಲ್ಲಮ್ಮ, ಮತ್ತೆ ಕಳಿಸ್ತೀನಿ."

ಹೆತ್ತವಳಿಗೇ ಟೋಪಿ ಹಾಕಿದ್ದಕ್ಕೆ ಅವಳಿಗೆ ನಾಚಿಕೆಯಾಗಿತ್ತು. ಆದರೆ ಪೊಲೀಸರಿಗೆ ದೂರು ಬರೆದಿಟ್ಟಾಗಿತ್ತು. ಜೊತೆಗೊಂದು ವಿಡಿಯೊ ಸಿಕ್ಕರೆ ದಾದಿ ಜೈಲಿಗೆ, ಅಪ್ಪ ಬದುಕಿದರು.

ತೆರೆಯ ಮೇಲೆ ದಾದಿ ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸಿದಳು. ನೀಲಿ ಗುರುತುಗಳಿಗೆ ಮುಲಾಮು ಹಚ್ಚಿದಳು. ಎಲ್ಲ ನಾಟಕ. ಒಂದು ಗಂಟೆಗೆ ಕೆಲಸ ಮುಗಿಸಿ ಚೀಲ ಹೆಗಲಿಗೇರಿಸಿದಾಗ ಅಪ್ಪ ಸರಿಯಿದ್ದ ಎಡಗೈಯಿಂದ ಅವಳ ತೋಳು ಹಿಡಿದುಕೊಂಡರು. ದಾದಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಪ್ಪನ ಕಣ್ಣಲ್ಲಿ ನೀರು ಇಳಿಯಿತು.

"ರಾಕ್ಷಸಿ" ಎಂದು ಹಲ್ಲು ಕಚ್ಚಿ ಮಗಳು ರೆಕಾರ್ಡ್ ಗುಂಡಿ ಒತ್ತಿದಳು. ಅಷ್ಟರಲ್ಲಿ ದಾದಿ ಹೊರಟೇಹೋದಳು.

ಅಮ್ಮ ಒಳಗೆ ಬಂದಳು. ಕಿಟಕಿ ಮುಚ್ಚಿದಳು. ಹಾಸಿಗೆಯ ಅಂಚಿನಲ್ಲಿ ಕೂತು ಅಪ್ಪನ ತೋಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಪಾಪ, ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡಳು ಮಗಳು.

ಅಮ್ಮ ಒಳತೋಳಿನ ಚರ್ಮ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ, ನಿಧಾನವಾಗಿ ತಿರುಚಿದಳು. ಅಪ್ಪನ ಗಂಟಲಿನಿಂದ ಒಂದು ಒಡಕು ಸದ್ದು ಎದ್ದಿತು. ಅಮ್ಮ ಇನ್ನೊಂದು ಅಂಗೈಯಿಂದ ಅಪ್ಪನ ಬಾಯಿ ಮುಚ್ಚಿದಳು.

"ಕೂಗಬೇಡಿ ರೀ. 'ಪಕ್ಕದ ಕೋಣೇಲಿ ಮಗಳು ಮಲಗಿದ್ದಾಳೆ, ಕೇಳಿಸುತ್ತೆ' ಅಂತ ನೀವೇ ಅಲ್ವಾ, ನನ್ನ ಬಾಯಿ ಮುಚ್ಚಿ ಹೊಡೀತಿದ್ದಿದ್ದು?"