ಕೋರಪ್ಪ ಸಾಹೇಬರ ಚಹಾ

ವಿಜಯಪುರದ ಬಸ್ಸಿನಿಂದ ಇಳಿದವರಲ್ಲಿ ಸಾಹೇಬರಂತೆ ಕಾಣುವವರು ಈ ಸಲವೂ ಒಬ್ಬರೂ ಇರಲಿಲ್ಲ. ಚಹಾದಂಗಡಿಯ ಗೌರಾಬಾಯಿ ಹೊಸ ಕಪ್ಪಿಗೆ ಬಗ್ಗಿಸಿಟ್ಟಿದ್ದ ಚಹಾವನ್ನು ಮತ್ತೆ ಪಾತ್ರೆಗೆ ಸುರಿದಳು.

"ಕೋರಪ್ಪ ಸಾಹೇಬ್ರು ಇವತ್ತೂ ಬರಂಗಿಲ್ಲೇನ್ರಿ?"

"ಅಂವಾ ಬರಲಾರದ ಸಭಾ ಆಗಂಗಿಲ್ಲ ನೋಡ್ ಗೌರಕ್ಕಾ," ಎಂದ ಪಂಚಾಯ್ತಿ ಸದಸ್ಯ ಸಿದ್ದಲಿಂಗೇಶ. "ಭಾಳ ದೂರ ಏನಿಲ್ಲ. ಇಲ್ಲೇ ಎಲ್ಲೋ ಚಾ ಕುಡಕೋತ ಕುಂತಿರಬೇಕು."

ಬೆಂಚಿನ ಮೇಲಿದ್ದ ಉಳಿದ ಸದಸ್ಯರು ನಕ್ಕರು. "ಇನ್ನೊಂದು ಸುತ್ತು ಹಾಕಬೇ," ಎಂದ ಒಬ್ಬ.

ಹಾಕಿದಳು. ಸಭೆಯ ದಿನ ಸದಸ್ಯರಿಂದ ಅವಳು ರೊಕ್ಕ ಇಸಿದುಕೊಳ್ಳುವುದಿಲ್ಲ. ಪಾಪ, ಅವರೂ ಅವಳಂತೆ ಕಾಯುವವರೇ.

ಅವಳಿಗೆ ಬೇಕಾದದ್ದು ಸಭೆಯಲ್ಲಿ ಪಾಸಾಗುವ ಒಂದೇ ಠರಾವು. ಅಂಗಡಿಯ ಹಿಂದಿನ ಹಾಳು ಬಾವಿಗೆ ಒಂದು ಗೋಡೆ. ಗಂಡ ಕಾಲುಜಾರಿ ಅದರಲ್ಲೇ ಹೋದ. ಈಗ ಮಗಳು ಪೂನಮ ನಡೆಯಲು ಕಲಿತಿದ್ದಾಳೆ. ಹಳೆಯ ಸೀರೆಯ ಪಟ್ಟಿಯಿಂದ ಅವಳ ಸೊಂಟವನ್ನು ಬೆಂಚಿನ ಕಾಲಿಗೆ ಕಟ್ಟಿಹಾಕಿದ್ದಳು. ಕೂಸು ಜಗ್ಗಿದಾಗಲೆಲ್ಲ ಸದಸ್ಯರ ಕೈಯಲ್ಲಿ ಚಹಾ ತುಳುಕುತ್ತಿತ್ತು.

ರಸ್ತೆಯಾಚೆ ಪಂಚಾಯ್ತಿ ಬಾಗಿಲಲ್ಲಿ ಅಧ್ಯಕ್ಷ ಶಾಂತಪ್ಪ ನಿಂತು ಇತ್ತಲೇ ನೋಡುತ್ತಿದ್ದ. ಅವನೂ ಬಸ್ಸಿನ ದಾರಿ ಕಾಯುತ್ತಿದ್ದಾನೆ ಎಂದುಕೊಂಡಳು. ಅಧ್ಯಕ್ಷರ ಚುನಾವಣೆಯಲ್ಲಿ ತನ್ನನ್ನು ಸೋಲಿಸಿದವನಾದರೂ ಶಾಂತಪ್ಪನಿಗೆ ಸಿದ್ದಲಿಂಗೇಶ ಇಂದಿನವರೆಗೆ ಒಂದೂ ಅಡ್ಡ ಮಾತಾಡಿರಲಿಲ್ಲ. ದೊಡ್ಡ ಗುಣ.

ಶಾಂತಪ್ಪ ಒಳಗೆ ಹೋದ. ಹೊಸದಾಗಿ ಬಂದ ಕಾರ್ಯದರ್ಶಿ ಅರುಣಕುಮಾರ ಕೀಲಿ ಹಿಡಿದು ಹೊರಗೆ ಬಂದ. ಸಭೆ ಮತ್ತೆ ಮುಂದಕ್ಕೆ.

ಗೌರಾಬಾಯಿ ರಸ್ತೆ ದಾಟಿ ಓಡಿದಳು.

"ಸರ, ಕೋರಪ್ಪ ಸಾಹೇಬ್ರ ಮನಿ ಎಲ್ಲೈತಿ ಹೇಳ್ರಿ. ಸಿದ್ಧೇಶ್ವರ ಗುಡಿ ಕಡೇನೋ, ಟಿಕೋಟಾದಾಗೋ, ಎಲ್ಲಿದ್ರೂ ಹೋಗತೀನಿ. ಕಾಲು ಹಿಡೀತೀನಿ."

"ಯಾವ ಕೋರಪ್ಪ?"

"ಅವ್ರು ಬರಲಾರದ್ದಕ್ಕ ಸಭಾ ನಿಂತೈತಲ್ರಿ. ಸಿದ್ದಲಿಂಗೇಶಪ್ಪಾರು ಹೇಳ್ಯಾರ."

ಅರುಣಕುಮಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಮುಖ ನೋಡಲಾಗಲಿಲ್ಲ.

"ಕೋರಪ್ಪ ಅಲ್ಲ ಯವ್ವಾ, ಕೋರಂ. ಅದು ಮನಷ್ಯಾ ಅಲ್ಲ. ಸದಸ್ಯರು ಅರ್ಧ ಮಂದಿನಾದ್ರೂ ಒಳಗ ಬಂದು ಕುಂತ್ರ, ಅದಕ್ಕ ಕೋರಂ ಅಂತಾರ. ಅದಿಲ್ಲಾಂದ್ರ ಸಭಾ ನಡಿಯಂಗಿಲ್ಲ."

ಗೌರಾಬಾಯಿ ತಿರುಗಿ ನೋಡಿದಳು. ಪೂನಮಳನ್ನು ಕಟ್ಟಿದ ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದ ಕೋರಪ್ಪ ಸಾಹೇಬರು, ಖಾಲಿ ಕಪ್ಪುಗಳನ್ನು ಎತ್ತಿ ಅವಳನ್ನು ಕರೆಯುತ್ತಿದ್ದರು.